ಡೇಗೆ ಮತ್ತು ಈಟಿ: ಶೇಕ್ಸ್‌ಪಿಯರ್ ಕುಟುಂಬ ಪಡೆದ ಲಾಂಛನದ ಪ್ರಕರಣ

ಲಾಂಛನಗಳನ್ನು ಮಂಜೂರು ಮಾಡುವ, ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ ಎಂಬ ಸಂಸ್ಥೆಯ ಕಡತಗಳಲ್ಲಿ 1596ರ ಅಕ್ಟೋಬರ್ 20ರ ಲಾಂಛನ ಮಂಜೂರಾತಿಯೊಂದರ ಎರಡು ಕರಡು ಪ್ರತಿಗಳು ಇಂದಿಗೂ ಉಳಿದಿವೆ. ಹೊಡೆದು ತಿದ್ದಿದ, ಸಾಲುಗಳ ನಡುವೆ ಹೊಸ ಪದಗಳನ್ನು ತುರುಕಿದ ಆ ಬರವಣಿಗೆಯ ಎಡಮೂಲೆಯಲ್ಲಿ ಲೇಖನಿಯಿಂದ ಅವಸರವಾಗಿ ಗೀಚಿದ ಒಂದು ಚಿತ್ರವಿದೆ. ಗುರಾಣಿಯೊಂದನ್ನು ಮೂಲೆಯಿಂದ ಮೂಲೆಗೆ ಸೀಳುವ ಓರೆಪಟ್ಟಿ, ಆ ಪಟ್ಟಿಯ ಉದ್ದಕ್ಕೂ ಮಲಗಿಸಿದ ಒಂದು ಈಟಿ, ಗುರಾಣಿಯ ಮೇಲೆ ರೆಕ್ಕೆ ಬಿಚ್ಚಿ ನಿಂತು ಒಂದು ಕಾಲಿನಲ್ಲಿ ಇನ್ನೊಂದು ಈಟಿಯನ್ನು ನೆಟ್ಟಗೆ ಹಿಡಿದಿರುವ ಡೇಗೆ ಹಕ್ಕಿ. ಸ್ಟ್ರಾಟ್‌ಫರ್ಡ್ ಅಪಾನ್ ಏವನ್ ಎಂಬ ಊರಿನಲ್ಲಿ ಕೈಗವಸು ಹೊಲಿದು ಮಾರುತ್ತಿದ್ದ ಜಾನ್ ಶೇಕ್ಸ್‌ಪಿಯರ್‌ಗೆ ಈ ಲಾಂಛನವನ್ನು ನೀಡಲಾಗಿದೆ ಎಂದು ಕರಡು ಹೇಳುತ್ತದೆ. ಆ ವೇಳೆಗೆ ಲಂಡನ್ನಿನಲ್ಲಿ ನಟನಾಗಿ, ನಾಟಕಕಾರನಾಗಿ ಹೆಸರು ಮಾಡಿದ್ದ ಅವನ ಮಗ ವಿಲಿಯಂನ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ.

ಯುರೋಪಿನ ಕುಟುಂಬ ಲಾಂಛನಗಳಲ್ಲಿ ಬರುವ ಪ್ರಾಣಿಪಕ್ಷಿಗಳ ಅರ್ಥವನ್ನು ತಿಳಿಯಬಯಸುವವರಿಗೆ ಸಾಮಾನ್ಯವಾಗಿ ಒಂದು ಪಟ್ಟಿ ಸಿಗುತ್ತದೆ: ಸಿಂಹವೆಂದರೆ ಶೌರ್ಯ, ಕರಡಿಯೆಂದರೆ ಬಲ, ನಾಯಿಯೆಂದರೆ ನಿಷ್ಠೆ, ಡೇಗೆಯೆಂದರೆ ಗುರಿ ಬಿಡದ ಉತ್ಸಾಹ. ಇಂಥ ಪಟ್ಟಿಗಳು ಸುಳ್ಳೆಂದು ನಾನು ಹೇಳುವುದಿಲ್ಲ. ಆ ಕಾಲದಲ್ಲಿಯೂ ಅಂಥ ಪಟ್ಟಿಗಳನ್ನು ಬರೆದವರಿದ್ದರು. ಆದರೆ ನಿಜವಾದ ಒಂದು ಕುಟುಂಬ ನಿಜವಾಗಿ ಪಡೆದ ಒಂದು ಲಾಂಛನವನ್ನು ಆ ಪಟ್ಟಿಯ ಮೂಲಕ ಓದಹೊರಟರೆ ಮುಖ್ಯವಾದದ್ದೆಲ್ಲ ಕೈತಪ್ಪಿಹೋಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ತೋರಿಸಲು ಶೇಕ್ಸ್‌ಪಿಯರ್ ಕುಟುಂಬದ ಪ್ರಕರಣದಷ್ಟು ಒಳ್ಳೆಯ ನಿದರ್ಶನ ಬೇರೊಂದಿಲ್ಲ. ಏಕೆಂದರೆ ಇಲ್ಲಿ ಅರ್ಜಿ, ಕರಡು, ತಿದ್ದುಪಡಿ, ದೂರು, ದೂರಿಗೆ ಕೊಟ್ಟ ಉತ್ತರ ಎಲ್ಲದರ ಕುರುಹೂ ಉಳಿದುಬಂದಿದೆ.

ಮೊದಲು ಒಂದೆರಡು ಪದಗಳನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕನ್ನಡದಲ್ಲಿ ಲಾಂಛನ ಎಂದೊಡನೆ ಚಾಲುಕ್ಯರ ವರಾಹದಂತೆ ಒಂದು ರಾಜವಂಶದ ಗುರುತು ನೆನಪಿಗೆ ಬರುತ್ತದೆ. ಇಂಗ್ಲೆಂಡಿನ ಪದ್ಧತಿಯಲ್ಲಿ ಲಾಂಛನವು ಒಬ್ಬ ವ್ಯಕ್ತಿಗೆ ಅಧಿಕೃತವಾಗಿ ದತ್ತವಾಗಿ, ಅವನ ಗಂಡುಸಂತತಿಯಲ್ಲಿ ಆಸ್ತಿಯಂತೆ ಇಳಿದುಬರುವ ವಸ್ತು. ಒಂದೇ ಅಡ್ಡಹೆಸರು ಇದ್ದ ಮಾತ್ರಕ್ಕೆ ಅದು ಯಾರಿಗೂ ಸಲ್ಲುವುದಿಲ್ಲ. ಅದರ ಮುಖ್ಯ ಭಾಗ ಗುರಾಣಿ. ಗುರಾಣಿಯ ಮೇಲೆ ಶಿರಸ್ತ್ರಾಣವಿದ್ದು, ಆ ಶಿರಸ್ತ್ರಾಣದ ನೆತ್ತಿಯ ಮೇಲೆ ಕೂರಿಸುವ ಆಕೃತಿಯನ್ನು ಕ್ರೆಸ್ಟ್ ಎನ್ನುತ್ತಾರೆ. ಇಲ್ಲಿ ಅದನ್ನು ಶಿರಚಿಹ್ನೆ ಎಂದು ಕರೆಯುತ್ತೇನೆ. ಇಡೀ ಲಾಂಛನವನ್ನೇ ಕ್ರೆಸ್ಟ್ ಎನ್ನುವ ರೂಢಿ ಈಗ ಎಲ್ಲೆಡೆ ಹರಡಿದೆಯಾದರೂ ಅದು ತಪ್ಪು, ಮತ್ತು ಈ ಪ್ರಕರಣದ ಕೊನೆಯಲ್ಲಿ ಆ ವ್ಯತ್ಯಾಸವೇ ನಿರ್ಣಾಯಕವಾಗುತ್ತದೆ.

ಅರ್ಜಿದಾರನ ಸ್ಥಿತಿ

ಜಾನ್ ಶೇಕ್ಸ್‌ಪಿಯರ್ ಹೆನ್ಲಿ ಬೀದಿಯಲ್ಲಿ ಮನೆ ಮಾಡಿಕೊಂಡು ತೊಗಲು ಹದಮಾಡಿ ಕೈಗವಸು ಹೊಲಿಯುವ ಕಸುಬಿನವನು. ಜೊತೆಗೆ ಉಣ್ಣೆಯ ವ್ಯಾಪಾರವನ್ನೂ ಮಾಡುತ್ತಿದ್ದ. ವಿಲ್ಮ್‌ಕೋಟಿನ ರಾಬರ್ಟ್ ಆರ್ಡನ್ ಎಂಬ ಸ್ಥಿತಿವಂತ ಕೃಷಿಕನ ಮಗಳು ಮೇರಿಯನ್ನು ಮದುವೆಯಾಗಿದ್ದ. ಊರಿನ ಆಡಳಿತದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ 1568ರಲ್ಲಿ ಬೈಲಿಫ್, ಅಂದರೆ ಊರಿನ ಮುಖ್ಯಾಧಿಕಾರಿ ಆದ. ಅನಂತರದ ವರ್ಷಗಳಲ್ಲಿ ಲಾಂಛನಕ್ಕಾಗಿ ಆಗಿನ ಲಾಂಛನಾಧಿಕಾರಿ ರಾಬರ್ಟ್ ಕುಕ್‌ನಿಂದ ಒಂದು ಮಾದರಿಯನ್ನು ಬರೆಸಿಕೊಂಡಿದ್ದನೆಂದು 1596ರ ಕರಡಿನ ಅಡಿಯಲ್ಲಿರುವ ಟಿಪ್ಪಣಿ ತಿಳಿಸುತ್ತದೆ. ಆದರೆ ಆ ಪ್ರಯತ್ನ ಅಲ್ಲಿಗೇ ನಿಂತಿತು. 1576ರ ಸುಮಾರಿನಿಂದ ಅವನು ಪುರಸಭೆಯ ಕಡೆಗೆ ತಲೆಹಾಕುವುದನ್ನೇ ಬಿಟ್ಟ, ಜಮೀನು ಅಡವಿಟ್ಟ, 1586ರಲ್ಲಿ ಸಭೆಗಳಿಗೆ ಬರುವುದಿಲ್ಲವೆಂಬ ಕಾರಣಕ್ಕೆ ಆಲ್ಡರ್‌ಮನ್, ಅಂದರೆ ಪುರಸಭೆಯ ಹಿರಿಯ ಸದಸ್ಯನ ಸ್ಥಾನವನ್ನೂ ಕಳೆದುಕೊಂಡ. 1592ರಲ್ಲಿ ಚರ್ಚಿಗೆ ಬಾರದವರ ಪಟ್ಟಿಯಲ್ಲಿ ಅವನ ಹೆಸರಿತ್ತು; ಸಾಲಗಾರರ ಭಯದಿಂದ ಬರುತ್ತಿಲ್ಲವೆಂಬ ವಿವರಣೆ ಅದರ ಜೊತೆಗಿತ್ತು.

ಇಂಥವನ ಹೆಸರಿನಲ್ಲಿ ಇಪ್ಪತ್ತು ವರ್ಷಗಳ ಬಳಿಕ ಅರ್ಜಿ ಮತ್ತೆ ಜೀವ ಪಡೆಯಲು ಮಗನ ಸಂಪಾದನೆಯೇ ಕಾರಣವೆಂದು ಹೆಚ್ಚಿನವರು ಒಪ್ಪುತ್ತಾರೆ. ತಂದೆಯ ಹೆಸರಿನಲ್ಲಿ ಪಡೆಯುವುದರಲ್ಲಿ ಒಂದು ಲೆಕ್ಕಾಚಾರವಿತ್ತು. ನಟನೊಬ್ಬ ತನಗೇ ಲಾಂಛನ ಬೇಡಿದರೆ ಅವನ ವೃತ್ತಿಯನ್ನು ಎತ್ತಿ ಆಡುವವರಿದ್ದರು. ಮಾಜಿ ಬೈಲಿಫ್ ಬೇಡಿದರೆ ಆ ಮಾತು ಬರುವುದಿಲ್ಲ. ತಂದೆಗೆ ಲಾಂಛನ ದೊರೆತರೆ ಮಗನು ಹುಟ್ಟಿನಿಂದಲೇ ಜಂಟಲ್‌ಮನ್ ವರ್ಗಕ್ಕೆ ಸೇರುತ್ತಾನೆ. ಅದೇ ವರ್ಷದ ಆಗಸ್ಟ್ 11ರಂದು ವಿಲಿಯಂನ ಒಬ್ಬನೇ ಮಗ ಹ್ಯಾಮ್ನೆಟ್‌ನನ್ನು, ಹನ್ನೊಂದು ವರ್ಷದ ಹುಡುಗನನ್ನು, ಸ್ಟ್ರಾಟ್‌ಫರ್ಡಿನಲ್ಲಿ ಮಣ್ಣುಮಾಡಲಾಗಿತ್ತು. ಗಂಡುಸಂತತಿಗೆ ಇಳಿದುಬರಬೇಕಾದ ಗೌರವದ ಪತ್ರ ಸಿದ್ಧವಾದಾಗ ಅದನ್ನು ಪಡೆಯಬೇಕಾದ ಮೊಮ್ಮಗ ತೀರಿಕೊಂಡು ಹತ್ತು ವಾರಗಳಾಗಿದ್ದವು.

ಗುರಾಣಿಯಲ್ಲಿ ಬರೆದ ಹೆಸರು

ಕರಡಿನ ವಿವರಣೆ ಹೀಗಿದೆ: ಹೊನ್ನಿನ ನೆಲ, ಅದರ ಮೇಲೆ ಕಪ್ಪು ಓರೆಪಟ್ಟಿ, ಪಟ್ಟಿಯ ಮೇಲೆ ಬೆಳ್ಳಿಯ ಮೊನೆಯುಳ್ಳ ಹೊನ್ನಿನ ಈಟಿ, ಶಿರಚಿಹ್ನೆಯಾಗಿ, ತನ್ನ ಬಣ್ಣಗಳ ಬಟ್ಟೆಯ ಸುರುಳಿಯ ಮೇಲೆ ನಿಂತು, ರೆಕ್ಕೆ ಹರಡಿ, ಹಾಗೆಯೇ ಬೆಳ್ಳಿಯ ಮೊನೆಯುಳ್ಳ ಹೊನ್ನಿನ ಈಟಿಯನ್ನು ಹಿಡಿದ ಬೆಳ್ಳಿಯ ಬಣ್ಣದ ಡೇಗೆ. ಕುಟುಂಬದ ಹಿರಿಯರು ಏಳನೆಯ ಹೆನ್ರಿಗೆ ಪರಾಕ್ರಮದಿಂದ ಸೇವೆ ಸಲ್ಲಿಸಿ ಬಹುಮಾನ ಪಡೆದಿದ್ದರೆಂದೂ ಅದರಲ್ಲಿ ಬರೆಯಲಾಗಿದೆ. ಅದಕ್ಕೆ ಬೇರೆ ದಾಖಲೆಯ ಆಧಾರ ಸಿಕ್ಕಿಲ್ಲ. ಆದರೂ ಪಟ್ಟಿ ಹಿಡಿದು ಓದುವವನು ಇಲ್ಲಿ ಸುಲಭವಾಗಿ ಎಡವುತ್ತಾನೆ: ಈಟಿಯೆಂದರೆ ಯುದ್ಧಸೇವೆ, ಹಿರಿಯರು ಸೈನಿಕರು, ಆದ್ದರಿಂದ ಈಟಿ.

ವಾಸ್ತವದಲ್ಲಿ ಈಟಿ ಇರುವುದು ಹೆಸರಿನಲ್ಲಿ. ಶೇಕ್ ಎಂದರೆ ಝಳಪಿಸು, ಸ್ಪಿಯರ್ ಎಂದರೆ ಈಟಿ. ಮನೆತನದ ಹೆಸರನ್ನೇ ಚಿತ್ರವಾಗಿಸುವ ಈ ಪದ್ಧತಿ ಲಾಂಛನಕಲೆಯಷ್ಟೇ ಹಳೆಯದು. ಸ್ಟ್ರಾಟ್‌ಫರ್ಡಿನ ಪಕ್ಕದಲ್ಲೇ ಇರುವ ಚಾರ್ಲ್‌ಕೋಟಿನ ಲೂಸಿ ಮನೆತನದ ಗುರಾಣಿಯಲ್ಲಿ ಉಸಿರಿಗಾಗಿ ನೀರಿನಿಂದ ಮೇಲೆದ್ದಂತೆ ನೆಟ್ಟಗೆ ನಿಂತ ಮೂರು ಬೆಳ್ಳಿಯ ಮೀನುಗಳಿದ್ದವು. ನಾವು ಇಂದು ಪೈಕ್ ಎನ್ನುವ ಆ ಮೀನಿಗೆ ಅಂದಿನ ಹೆಸರು ಲೂಸ್. ಟಾಲ್ಬಟ್ ಮನೆತನಕ್ಕೆ ಟಾಲ್ಬಟ್ ಎಂಬ ಬೇಟೆನಾಯಿ ಗುರುತಾಗಿತ್ತು. ಮೀನು ಯಾವ ಗುಣದ ಸಂಕೇತವೆಂದು ಲೂಸಿಗಳನ್ನು ಕೇಳಿದ್ದರೆ ಅವರಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ತೋರುತ್ತಿತ್ತು ಎಂದು ನನಗನಿಸುತ್ತದೆ. ಓದುಬರಹ ಬಾರದವನೂ ಮನೆಬಾಗಿಲಿನ ಮೇಲಿನ ಚಿತ್ರವನ್ನು ನೋಡಿ ಯಜಮಾನನ ಹೆಸರನ್ನು ಗಟ್ಟಿಯಾಗಿ ಹೇಳಬಲ್ಲನೆಂಬುದೇ ಅದರ ಸಾರ್ಥಕತೆ. ವಿಲಿಯಂ ಈ ಭಾಷೆಯನ್ನು ಚೆನ್ನಾಗಿ ಬಲ್ಲವನಾಗಿದ್ದ. ವಿಂಡ್ಸರಿನ ಗೃಹಿಣಿಯರ ಕುರಿತ ಅವನ ನಾಟಕದ ಮೊದಲ ದೃಶ್ಯದಲ್ಲೇ ಹಿರಿಯನೊಬ್ಬನ ಮನೆತನದ ಲಾಂಛನದಲ್ಲಿ ಹನ್ನೆರಡು ಬಿಳಿ ಲೂಸ್ ಮೀನುಗಳಿವೆಯೆಂದು ಅವನ ಬಂಧುವೊಬ್ಬ ಬೀಗುತ್ತಾನೆ; ಎದುರಿಗಿದ್ದವನ ಬಾಯಲ್ಲಿ ಆ ಮೀನುಗಳು ಹೇನುಗಳಾಗಿಬಿಡುತ್ತವೆ.

ಬಣ್ಣಗಳ ವಿಷಯವೂ ಹೀಗೆಯೇ. ಕಪ್ಪು ಸ್ಥೈರ್ಯದ ಸಂಕೇತ, ಹೊನ್ನು ಔದಾರ್ಯದ ಸಂಕೇತ ಎಂಬ ವಿವರಣೆಗಳಿವೆ. ಆದರೆ ಲೋಹದ ಮೇಲೆ ಬಣ್ಣ, ಬಣ್ಣದ ಮೇಲೆ ಲೋಹ ಎಂಬುದು ಲಾಂಛನಕಲೆಯ ಮೂಲ ನಿಯಮ; ಹೊನ್ನು ಮತ್ತು ಬೆಳ್ಳಿ ಲೋಹಗಳು, ಉಳಿದವು ಬಣ್ಣಗಳು. ಹೊನ್ನಿನ ನೆಲದ ಮೇಲೆ ಹೊನ್ನಿನ ಈಟಿ ಕಾಣಿಸದು. ನಡುವೆ ಒಂದು ಕಪ್ಪು ಪಟ್ಟಿ ಹಾಯ್ದರೆ ದೂರದಿಂದಲೂ ಎದ್ದು ಕಾಣುತ್ತದೆ. ಆ ಕಪ್ಪು ಇರುವುದು ಕಣ್ಣಿಗಾಗಿ.

ಹಕ್ಕಿಯ ಪ್ರಶ್ನೆ

ಈಟಿಯ ಸಂಗತಿ ಸರಳ. ಡೇಗೆಯ ಸಂಗತಿ ಅಷ್ಟು ಸರಳವಲ್ಲ. ಹೆಸರಿನಲ್ಲಿ ಹಕ್ಕಿಯೇ ಇಲ್ಲ. ಹಾಗಾದರೆ ಅದು ಎಲ್ಲಿಂದ ಬಂತು?

ಡೇಗೆ ಹಾರಿಸುವುದು ಆ ಕಾಲದ ಇಂಗ್ಲೆಂಡಿನಲ್ಲಿ ಮೇಲ್ವರ್ಗದವರ ವಿನೋದವಾಗಿತ್ತು. 1486ರಲ್ಲಿ ಸೇಂಟ್ ಆಲ್ಬನ್ಸ್‌ನಲ್ಲಿ ಅಚ್ಚಾದ ಒಂದು ಹೊತ್ತಗೆಯಲ್ಲಿ ಡೇಗೆ ಸಾಕಣೆ, ಬೇಟೆ ಮತ್ತು ಲಾಂಛನಶಾಸ್ತ್ರ ಮೂರನ್ನೂ ಒಟ್ಟಿಗೆ ಕೊಟ್ಟಿದ್ದಾರೆ. ಕುಲೀನನಿಗೆ ಈ ಮೂರೂ ಒಂದೇ ವಿದ್ಯೆಯ ಅಂಗಗಳೆಂಬ ಭಾವನೆ ಅದರ ಹಿಂದಿದೆ. ಯಾವ ಅಂತಸ್ತಿನವನಿಗೆ ಯಾವ ಹಕ್ಕಿ ಎಂಬ ಪಟ್ಟಿಯೂ ಅದರಲ್ಲಿದೆ: ಚಕ್ರವರ್ತಿಗೆ ಹದ್ದು, ರಾಜನಿಗೆ ಗರ್ ಡೇಗೆ, ಅರ್ಲ್‌ಗೆ ಪೆರಿಗ್ರಿನ್ ಡೇಗೆ, ಹೊಲದೊಡೆಯನಾದ ಯೋಮನ್‌ಗೆ ಗಾಸ್‌ಹಾಕ್. ಈ ಪಟ್ಟಿಯನ್ನು ಯಾರೂ ಕಾನೂನಿನಂತೆ ಪಾಲಿಸಲಿಲ್ಲ. ಆದರೂ ಕೈಗವಸು ಮಾಡುವವನ ಶಿರಸ್ತ್ರಾಣದ ಮೇಲೆ ಡೇಗೆ ಏರಿತೆಂದರೆ ನೋಡುವವರಿಗೆ ಮೊದಲು ತಿಳಿಯುತ್ತಿದ್ದದ್ದು ಧೈರ್ಯವೋ ಉತ್ಸಾಹವೋ ಅಲ್ಲ, ಅಂತಸ್ತು. ಇಲ್ಲಿ ಇನ್ನೊಂದು ಸಂಗತಿ ಗಮನಿಸಬೇಕು. ಡೇಗೆಯನ್ನು ಕೂರಿಸಿಕೊಳ್ಳಲು ಬೇಟೆಗಾರನು ಎಡಗೈಗೆ ದಪ್ಪ ತೊಗಲಿನ ಕೈಗವಸು ತೊಡುತ್ತಾನೆ. ಆ ಕೈಗವಸನ್ನು ಹೊಲಿದುಕೊಡುವ ಕಸುಬಿನವನ ಲಾಂಛನದಲ್ಲಿ ಹಕ್ಕಿಯಿದೆ, ಕೈಗವಸಿಲ್ಲ. ಕಸುಬು ಹಿಂದಕ್ಕೆ ಸರಿದಿದೆ, ಕಸುಬಿನ ಗಿರಾಕಿಗಳ ವಿನೋದ ಮುಂದೆ ಬಂದಿದೆ. ಇದನ್ನು ಯಾರಾದರೂ ಯೋಚಿಸಿಯೇ ಮಾಡಿದರೆಂದು ನಾನು ವಾದಿಸಲಾರೆ. ಆದರೆ ಇಡೀ ಅರ್ಜಿಯ ಉದ್ದೇಶ ಆ ಒಂದು ಸ್ಥಾನಪಲ್ಲಟದಲ್ಲಿ ಅಡಗಿದೆ. (ನಮ್ಮ ಹಳೆಯ ಕನ್ನಡದಲ್ಲಿ ಬೇಟೆಯ ಡೇಗೆಗೆ ಸಾಳುವ ಎಂಬ ಹೆಸರಿತ್ತು, ವಿಜಯನಗರವನ್ನಾಳಿದ ಸಾಳುವರ ಮನೆತನದ ಹೆಸರಿನಲ್ಲಿ ಇರುವುದೂ ಅದೇ ಹಕ್ಕಿ.)

ಎರಡನೆಯ ಸುಳಿವು ವಿಲಿಯಂನ ಆಶ್ರಯದಾತನ ಕಡೆಯದು. 1593 ಮತ್ತು 1594ರಲ್ಲಿ ತನ್ನ ಎರಡು ದೀರ್ಘ ಕಾವ್ಯಗಳನ್ನು ಅವನು ಅರ್ಪಿಸಿದ್ದು ಸೌತಾಂಪ್ಟನ್ನಿನ ಅರ್ಲ್ ಹೆನ್ರಿ ರಯತ್ಸ್‌ಲಿಗೆ. ಆ ಅರ್ಲ್‌ನ ಗುರಾಣಿಯಲ್ಲಿ ನೀಲಿ ನೆಲದ ಮೇಲೆ ಹೊನ್ನಿನ ಶಿಲುಬೆ, ಅದರ ನಾಲ್ಕು ಮೂಲೆಗಳಲ್ಲಿ ರೆಕ್ಕೆ ಮುಚ್ಚಿ ಕುಳಿತ ನಾಲ್ಕು ಬೆಳ್ಳಿಯ ಡೇಗೆಗಳು. ಶೇಕ್ಸ್‌ಪಿಯರ್ ಡೇಗೆಯೂ ಬೆಳ್ಳಿಯದೇ. ಆಶ್ರಯದಾತನ ಚಿಹ್ನೆಯ ಒಂದು ತುಣುಕನ್ನು ಆಶ್ರಿತನು ತನ್ನ ಲಾಂಛನದಲ್ಲಿ ವ್ಯತ್ಯಾಸ ಮಾಡಿ ಇರಿಸಿಕೊಳ್ಳುವುದು ಅಪರೂಪವಾಗಿರಲಿಲ್ಲ. ಇಲ್ಲಿ ಹಾಗಾಯಿತೆಂದು ಯಾವ ಕಾಗದವೂ ಹೇಳದಿದ್ದರೂ ಈ ಊಹೆ ನನಗೆ ಸಮಂಜಸವಾಗಿ ಕಾಣುತ್ತದೆ. ಈ ರಯತ್ಸ್‌ಲಿ ಮನೆತನವೇ ಲಾಂಛನಾಧಿಕಾರಿಗಳಿಂದ ಮೇಲೆದ್ದ ಮನೆತನ. ಅವರ ಪೂರ್ವಿಕ ಜಾನ್ ರೈತ್ ಗಾರ್ಟರ್, ಅಂದರೆ ಮುಖ್ಯ ಲಾಂಛನಾಧಿಕಾರಿಯ ಪದವಿಯಲ್ಲಿದ್ದವನು. ಕಾಲೇಜ್ ಆಫ್ ಆರ್ಮ್ಸ್‌ನ ಸ್ವಂತ ಗುರಾಣಿಯಲ್ಲಿ ಶಿಲುಬೆಯ ಸುತ್ತ ನಾಲ್ಕು ನೀಲಿ ಪಾರಿವಾಳಗಳಿರುವುದು ಅವನ ಲಾಂಛನದ ಅನುಸರಣೆಯೆಂದೇ ಭಾವಿಸಲಾಗಿದೆ.

ಮೂರನೆಯ ಓದು ಹರಡಿದ ರೆಕ್ಕೆಗಳದ್ದು. ಹಕ್ಕಿ ಹಾರುತ್ತಿಲ್ಲ, ನಿಂತಲ್ಲೇ ರೆಕ್ಕೆ ಬಡಿಯುವ ಭಂಗಿಯಲ್ಲಿದೆ, ಕಾಲಿನಲ್ಲಿ ಈಟಿಯಿದೆ. ಗುರಾಣಿಯಲ್ಲಿ ಬರೀ ಈಟಿ ಇದ್ದುದರಿಂದ ಹೆಸರಿನ ಅರ್ಧ ಮಾತ್ರ ಬಂದಿತ್ತು, ಮೇಲಿನ ಹಕ್ಕಿಯ ಅದುರುವಿಕೆ ಉಳಿದರ್ಧವನ್ನು ತುಂಬುತ್ತದೆ ಎಂದು ಕೆಲವರು ಹೇಳುತ್ತಾರೆ. ಇದು ಜಾಣ ಓದು. ಆದರೆ ಹರಡಿದ ರೆಕ್ಕೆ ನೂರಾರು ಶಿರಚಿಹ್ನೆಗಳಲ್ಲಿ ಇರುವುದರಿಂದ ಇದಕ್ಕೆ ನಾನು ಹೆಚ್ಚು ತೂಕ ಕೊಡಲಾರೆ.

ಅಲ್ಪವಿರಾಮ, ಕಾಲಿಲ್ಲದ ಹಕ್ಕಿ, ತಲೆಯಿಲ್ಲದ ಹಂದಿ

ಕರಡಿನಲ್ಲಿ ಚಿತ್ರದ ಮೇಲ್ಭಾಗದಲ್ಲಿ ಗುಮಾಸ್ತನು ಧ್ಯೇಯವಾಕ್ಯವನ್ನು ಹಳೆಯ ಫ್ರೆಂಚಿನಲ್ಲಿ ಬರೆದಿದ್ದಾನೆ: ‘ನಾನ್ ಸಾನ್ಜ್ ದ್ರೋಯ್ತ್’, ಅಂದರೆ ‘ಹಕ್ಕಿಲ್ಲದೆ ಅಲ್ಲ’. ಮೊದಲು ಬರೆದಾಗ ‘ನಾನ್’ ಪದದ ಮುಂದೆ ಅಲ್ಪವಿರಾಮ ಬಿದ್ದು ‘ಇಲ್ಲ, ಹಕ್ಕಿಲ್ಲ’ ಎಂಬ ಅರ್ಥ ಬಂದುಬಿಟ್ಟಿದೆ; ಅದನ್ನು ಹೊಡೆದುಹಾಕಿ ಕೊನೆಗೆ ದೊಡ್ಡಕ್ಷರಗಳಲ್ಲಿ ಸರಿಯಾಗಿ ಬರೆಯಲಾಗಿದೆ. ಕೈತಪ್ಪಿನಿಂದಾದದ್ದೇ ಇರಬಹುದು. ಆದರೂ ಆರು ವರ್ಷಗಳ ಬಳಿಕ ಎದ್ದ ವಿವಾದ ಆ ಒಂದು ಅಲ್ಪವಿರಾಮದ ಎರಡು ಬದಿಗಳಲ್ಲೇ ನಡೆಯಿತು.

1599ರಲ್ಲಿ ಕುಟುಂಬವು ಇನ್ನೊಂದು ಹೆಜ್ಜೆ ಮುಂದಿಟ್ಟು, ತಾಯಿ ಮೇರಿಯ ಆರ್ಡನ್ ಮನೆತನದ ಲಾಂಛನವನ್ನೂ ತಮ್ಮ ಗುರಾಣಿಯಲ್ಲಿ ಪಕ್ಕಕ್ಕೆ ಸೇರಿಸಿಕೊಳ್ಳಲು ಅನುಮತಿ ಕೇಳಿತು. ಅಧಿಕಾರಿಗಳು ಆ ಕರಡಿನಲ್ಲಿ ಮೊದಲು ಪಾರ್ಕ್ ಹಾಲ್‌ನ ಪ್ರತಿಷ್ಠಿತ ಆರ್ಡನ್ನರ ಲಾಂಛನವನ್ನು ಗೀಚಿ, ಅನಂತರ ಅದನ್ನು ಹೊಡೆದುಹಾಕಿ, ಮೊನಚಾದ ಬುಡದ ಮೂರು ಶಿಲುಬೆಗಳುಳ್ಳ ಬೇರೊಂದು ಶಾಖೆಯ ಲಾಂಛನವನ್ನು ಒಂದು ಪುಟ್ಟ ಮಾರ್ಟ್‌ಲೆಟ್ ಹಕ್ಕಿಯೊಂದಿಗೆ ಬರೆದರು. ಮಾರ್ಟ್‌ಲೆಟ್ ಎಂದರೆ ಕವಲುತೋಕೆಯಂಥ ಹಕ್ಕಿ; ಲಾಂಛನದಲ್ಲಿ ಅದಕ್ಕೆ ಪಾದಗಳನ್ನು ಬರೆಯುವುದಿಲ್ಲ. ಇಂಗ್ಲಿಷ್ ಪದ್ಧತಿಯಲ್ಲಿ ಅದು ನಾಲ್ಕನೆಯ ಮಗನ ಗುರುತು: ಊರಲು ನೆಲವಿಲ್ಲದವನು, ರೆಕ್ಕೆಯನ್ನೇ ನಂಬಬೇಕಾದವನು ಎಂದು ಹಳೆಯ ವ್ಯಾಖ್ಯಾನಕಾರರು ಬಿಡಿಸಿ ಹೇಳಿದ್ದಾರೆ. ಈ ಪ್ರಕರಣದಲ್ಲಿ ಒಂದು ಹಕ್ಕಿಗೆ ನಿಯಮದಿಂದಲೇ ಗೊತ್ತುಮಾಡಿದ ಅರ್ಥವಿರುವುದು ಇಲ್ಲಿ ಮಾತ್ರ, ಮತ್ತು ಆ ಅರ್ಥ ಗುಣಕ್ಕೆ ಸಂಬಂಧಿಸಿದ್ದಲ್ಲ, ವಂಶದಲ್ಲಿನ ಸ್ಥಾನಕ್ಕೆ ಸಂಬಂಧಿಸಿದ್ದು. ಕುಟುಂಬವು ಈ ಜೋಡಿ ಲಾಂಛನವನ್ನು ಬಳಸಿದ ಕುರುಹಿಲ್ಲ.

ಅದೇ 1599ರಲ್ಲಿ ವಿಲಿಯಂ ಸೇರಿದ್ದ ತಂಡವೇ ಬೆನ್ ಜಾನ್ಸನ್‌ನ ಒಂದು ಪ್ರಹಸನವನ್ನು ಆಡಿತು. ಅದರಲ್ಲಿ ಸೊಲ್ಯಾರ್ಡೊ ಎಂಬ ಹಳ್ಳಿಯ ಧನಿಕ ಮೂವತ್ತು ಪೌಂಡು ಕೊಟ್ಟು ಲಾಂಛನ ಕೊಂಡು ತರುತ್ತಾನೆ. ಅವನ ಶಿರಚಿಹ್ನೆ ಹಿಂಗಾಲಿನ ಮೇಲೆ ಎದ್ದು ನಿಂತ, ತಲೆಯಿಲ್ಲದ ಕಾಡುಹಂದಿ. ಅದಕ್ಕೆ ತಕ್ಕ ಧ್ಯೇಯವಾಕ್ಯವಾಗಿ ಇನ್ನೊಬ್ಬ ಪಾತ್ರ ಸೂಚಿಸುವುದು ‘ಸಾಸಿವೆಯಿಲ್ಲದೆ ಅಲ್ಲ’. ಇದು ಶೇಕ್ಸ್‌ಪಿಯರ್‌ಗೆ ಕುಟುಕಿದ ಮಾತೆಂದು ಹಲವರು ನಂಬುತ್ತಾರೆ, ಖಚಿತವಾಗಿ ಸಾಧಿಸಲಾಗದು. ಆದರೆ ತಲೆ ಕತ್ತರಿಸಿದ ಹಂದಿಯನ್ನು ಕಂಡು ಪ್ರೇಕ್ಷಕರು ನಕ್ಕರೆಂದರೆ, ಪ್ರಾಣಿಯ ಭಂಗಿ, ಅಂಗ, ಬಣ್ಣ ಪ್ರತಿಯೊಂದನ್ನೂ ಓದಬಲ್ಲ ಕಣ್ಣು ನಗರದ ಸಾಮಾನ್ಯ ಜನರಿಗೂ ಇತ್ತೆಂದಾಯಿತು.

1602ರ ದೂರು

ಕಾಲೇಜ್ ಆಫ್ ಆರ್ಮ್ಸ್‌ನೊಳಗೆ ಯಾರ್ಕ್ ಹೆರಾಲ್ಡ್ ಎಂಬ ಲಾಂಛನಾಧಿಕಾರಿಯ ಪದವಿಯಲ್ಲಿದ್ದ ರಾಲ್ಫ್ ಬ್ರೂಕ್ ಜಗಳಗಂಟ ಸ್ವಭಾವದ, ಆದರೆ ದಾಖಲೆಗಳನ್ನು ಕೂಲಂಕಷವಾಗಿ ಬಲ್ಲ ಮನುಷ್ಯ. ಇತಿಹಾಸಕಾರ ವಿಲಿಯಂ ಕ್ಯಾಮ್ಡೆನ್ 1597ರಲ್ಲಿ ನೇರವಾಗಿ ಕ್ಲಾರೆನ್ಸೊ ಎಂಬ ಮೇಲಿನ ಪದವಿಗೆ ಬಂದಾಗ ಬ್ರೂಕ್‌ಗೆ ಅಸಮಾಧಾನವಾಗಿತ್ತು. ಗಾರ್ಟರ್ ಪದವಿಯಲ್ಲಿದ್ದ ವಿಲಿಯಂ ಡೆತಿಕ್ ಕೀಳು ವೃತ್ತಿಯವರಿಗೆ ಲಾಂಛನಗಳನ್ನು ಕೊಡುತ್ತಿದ್ದಾನೆಂದು ಅವನು 23 ಪ್ರಕರಣಗಳನ್ನು ಪಟ್ಟಿಮಾಡಿ ದೂರಿದ. ಅದರಲ್ಲಿ ಶೇಕ್ಸ್‌ಪಿಯರ್ ಲಾಂಛನವೂ ಒಂದು. ದೂರಿನ ಒಂದು ಪ್ರತಿಯಲ್ಲಿ ಆ ಚಿತ್ರದ ಅಡಿಯಲ್ಲಿ ‘ಶೇಕ್ಸ್‌ಪಿಯರ್, ನಟ, ಗಾರ್ಟರ್‌ನಿಂದ’ ಎಂಬ ಬರಹವಿದೆ. ಜಾನ್ 1601ರ ಸೆಪ್ಟೆಂಬರಿನಲ್ಲಿ ತೀರಿಕೊಂಡಿದ್ದ. ತಂದೆಯ ಹೆಸರಿನಲ್ಲಿ ಪಡೆದ ಲಾಂಛನಕ್ಕೆ ಮಗನ ವೃತ್ತಿಯ ಚೀಟಿ ಅಂಟಿಸಲಾಗಿತ್ತು.

ಡೆತಿಕ್ ಮತ್ತು ಕ್ಯಾಮ್ಡೆನ್ ಇಬ್ಬರೂ ಸೇರಿ 1602ರ ಮಾರ್ಚ್‌ನಲ್ಲಿ ಉತ್ತರ ಕೊಟ್ಟರು. ಅದರಿಂದ ದೂರಿನ ಎರಡು ಅಂಶಗಳು ನಮಗೆ ತಿಳಿಯುತ್ತವೆ. ಮೊದಲನೆಯದು, ಹೊನ್ನಿನ ನೆಲದ ಮೇಲೆ ಕಪ್ಪು ಓರೆಪಟ್ಟಿ ಹಳೆಯ ಕುಲೀನ ಮನೆತನವಾದ ಲಾರ್ಡ್ ಮಾಲಿಯವರದು, ಅದನ್ನು ಕದ್ದಂತಾಗಿದೆ ಎಂಬುದು. ಹಾಗೆ ಹೇಳುವುದಾದರೆ ಕಪ್ಪು ಓರೆಪಟ್ಟಿಯುಳ್ಳ ಹಾರ್ಲಿ ಮೊದಲಾದವರೆಲ್ಲ ಕದ್ದವರೇ ಆಗಬೇಕಾಗುತ್ತದೆ, ಪಟ್ಟಿಯ ಮೇಲಿನ ಈಟಿಯೇ ಸ್ಪಷ್ಟವಾದ ವ್ಯತ್ಯಾಸ ಎಂದು ಅಧಿಕಾರಿಗಳು ಉತ್ತರಿಸಿದರು. ಎರಡನೆಯದು ವ್ಯಕ್ತಿಯ ಯೋಗ್ಯತೆ. ಲಾಂಛನ ಪಡೆದವನು ಸ್ಟ್ರಾಟ್‌ಫರ್ಡಿನಲ್ಲಿ ನ್ಯಾಯಾಧಿಕಾರ ನಡೆಸಿದವನು, ಆರ್ಡನ್ ಮನೆಯ ಹಕ್ಕುದಾರ ಮಗಳನ್ನು ಮದುವೆಯಾದವನು, ಆ ಅಂತಸ್ತನ್ನು ನಿಭಾಯಿಸಲು ಶಕ್ತನಾಗಿದ್ದವನು ಎಂದರು. 1596ರ ಟಿಪ್ಪಣಿಯಲ್ಲಿ ಅವನ ಆಸ್ತಿಯನ್ನು ಐನೂರು ಪೌಂಡು ಎಂದು ನಮೂದಿಸಲಾಗಿತ್ತು. ಹತ್ತು ವರ್ಷಗಳ ಹಿಂದಿನ ಸಾಲಗಳ ಪ್ರಸ್ತಾಪ ಎಲ್ಲಿಯೂ ಇಲ್ಲ. ಲಾಂಛನ ರದ್ದಾಗಲಿಲ್ಲ.

ಈ ಉತ್ತರವನ್ನು ಓದುವಾಗ ನನ್ನ ಗಮನವನ್ನು ಹಿಡಿದು ನಿಲ್ಲಿಸುವುದು ಅದರಲ್ಲಿಲ್ಲದ ಸಂಗತಿ. ಇಂದು ಈ ಲಾಂಛನವನ್ನು ನೋಡುವ ಯಾರೇ ಆದರೂ ಮೊದಲು ಕೇಳುವುದು ಆ ಹಕ್ಕಿಯ ಅರ್ಥವನ್ನು. ಆದರೆ ಉಳಿದಿರುವ ಉತ್ತರದಲ್ಲಿ ಡೇಗೆಯ ಸುದ್ದಿಯೇ ಇಲ್ಲ. ಪಟ್ಟಿಯ ಬಣ್ಣಕ್ಕಾಗಿ ವಾದ ನಡೆಯಿತು, ಏಕೆಂದರೆ ಬಣ್ಣ ಮತ್ತು ಪಟ್ಟಿ ಇನ್ನೊಬ್ಬರ ಸ್ವತ್ತಾಗಬಹುದಿತ್ತು. ಮನುಷ್ಯನ ಅಂತಸ್ತಿಗಾಗಿ ವಾದ ನಡೆಯಿತು, ಏಕೆಂದರೆ ಇಡೀ ವ್ಯವಸ್ಥೆ ನಿಂತಿದ್ದದ್ದು ಅದರ ಮೇಲೆ. ಶಿರಚಿಹ್ನೆಯ ಪ್ರಾಣಿಯನ್ನು ಆರಿಸಿಕೊಳ್ಳುವಲ್ಲಿ ಕುಟುಂಬಕ್ಕೆ ಹೆಚ್ಚು ಸ್ವಾತಂತ್ರ್ಯವಿತ್ತು, ಆದ್ದರಿಂದಲೇ ಕುಟುಂಬ ತನ್ನನ್ನು ಹೇಗೆ ಕಾಣಬಯಸಿತು ಎಂಬುದಕ್ಕೆ ಆ ಪ್ರಾಣಿಯೇ ಒಳ್ಳೆಯ ಸಾಕ್ಷಿ. ಈಟಿ ಅವರ ಹೆಸರು, ಡೇಗೆ ಅವರ ಬಯಕೆ.

ಅನಂತರ ನಡೆದದ್ದು

1597ರಲ್ಲಿ ವಿಲಿಯಂ ಊರಿನ ದೊಡ್ಡ ಮನೆಗಳಲ್ಲೊಂದಾದ ನ್ಯೂ ಪ್ಲೇಸ್ ಅನ್ನು ಕೊಂಡ. ಉಯಿಲಿನಲ್ಲಿ ತನ್ನನ್ನು ಜಂಟಲ್‌ಮನ್ ಎಂದು ಬರೆಸಿದ. 1616ರಲ್ಲಿ ತೀರಿಕೊಂಡ ಬಳಿಕ ಹೋಲಿ ಟ್ರಿನಿಟಿ ಚರ್ಚಿನ ಗೋಡೆಯಲ್ಲಿ ನಿರ್ಮಿಸಿದ ಸ್ಮಾರಕದ ಮೇಲ್ಭಾಗದಲ್ಲಿ ಈ ಲಾಂಛನವನ್ನು ಕೆತ್ತಲಾಯಿತು. ಅಲ್ಲಿ ಆರ್ಡನ್ ಲಾಂಛನವೂ ಇಲ್ಲ, ಧ್ಯೇಯವಾಕ್ಯವೂ ಇಲ್ಲ.

ಅವನ ತಮ್ಮಂದಿರಾದ ಎಡ್ಮಂಡ್ 1607ರಲ್ಲಿ, ಗಿಲ್ಬರ್ಟ್ 1612ರಲ್ಲಿ, ರಿಚರ್ಡ್ 1613ರಲ್ಲಿ ಮೊದಲೇ ತೀರಿಕೊಂಡಿದ್ದರು. ಉಳಿದವರು ಇಬ್ಬರು ಹೆಣ್ಣುಮಕ್ಕಳು. ಇಂಗ್ಲೆಂಡಿನ ನಿಯಮದಂತೆ ಗಂಡುಮಕ್ಕಳಿಲ್ಲದ ಮನೆಯ ಮಗಳು ತಂದೆಯ ಗುರಾಣಿಯನ್ನು ತನ್ನ ಮಕ್ಕಳಿಗೆ ದಾಟಿಸಬಲ್ಲಳು. ಶಿರಸ್ತ್ರಾಣ ಯೋಧನದಾದ್ದರಿಂದ ಶಿರಚಿಹ್ನೆಯನ್ನು ದಾಟಿಸುವ ಹಕ್ಕು ಅವಳಿಗಿಲ್ಲ. ಹಿರಿಯ ಮಗಳು ಸುಸಾನಾಳ ಗಂಡ, ವೈದ್ಯ ಜಾನ್ ಹಾಲ್ 1635ರಲ್ಲಿ ತೀರಿಕೊಂಡ. ಅದೇ ಚರ್ಚಿನೊಳಗೆ ನೆಲಕ್ಕೆ ಹಾಸಿದ ಅವನ ಸಮಾಧಿಯ ಕಲ್ಲಿನಲ್ಲಿ ಗುರಾಣಿಯನ್ನು ಉದ್ದಕ್ಕೆ ಎರಡಾಗಿ ಸೀಳಿ, ನೋಡುವವರ ಎಡಕ್ಕೆ ಹಾಲ್ ಮನೆತನದ ಮೂರು ಟಾಲ್ಬಟ್ ನಾಯಿಗಳ ತಲೆಗಳನ್ನೂ, ಬಲಕ್ಕೆ ಓರೆಪಟ್ಟಿಯ ಮೇಲಿನ ಈಟಿಯನ್ನೂ ಕೆತ್ತಿದ್ದಾರೆ. ವಿಲಿಯಂನ ಸಂತತಿಯ ಕೊನೆಯ ಕುಡಿ, ಸುಸಾನಾಳ ಮಗಳು ಎಲಿಜಬೆತ್, 1670ರಲ್ಲಿ ಮಕ್ಕಳಿಲ್ಲದೆ ತೀರಿಕೊಳ್ಳುವವರೆಗೆ ಈಟಿ ಬಳಕೆಯಲ್ಲಿ ಉಳಿದಿತ್ತು. ಡೇಗೆಯ ಹಕ್ಕು 1616ರಲ್ಲಿಯೇ ಮುಗಿದಿತ್ತು.